ಡಬ್ಬ ಕಟ್ಟುವವರ ಹಾಡು

ಇವತ್ತು ಬೆಳಿಗ್ಗೆ ನೆಲಮಂಗಲದಲ್ಲಿ ಮಗಳ ಶಾಲೆಗೆ ಹೊರಟಿದ್ದೆ. ಆಟೋದವನ ಮೊಬೈಲಿನಲ್ಲಿ ಮಂಜುಳಾಳ ಹಾಡು ಬರುತ್ತಿತ್ತು. ‘ಈಯಮ್ಮ ನಮ್ ಕಡೆಯೋರೇ ಕಣಕ್ಕ’ ಎಂದ. ನನಗೆ ಗೊತ್ತು ಎನ್ನಲು ಬಾಯಿ ತೆರೆದೆ. ಎಲ್ಲಿಂದ ಶುರುಮಾಡಲಿ, ನೀವೇ ಹೇಳಿ.

ದಾಬಸ್‌ಪೇಟೆಯ ಗೋಡೌನಿನಲ್ಲಿ ಆರು ವರ್ಷ ಅವಳೂ ನಾನೂ ಒಂದೇ ಮೇಜಿನ ಆಚೆ ಈಚೆ ನಿಂತು, ಊರೂರಿಗೆ ಹೋಗುವ ಪಾರ್ಸೆಲ್ಲಿನ ಡಬ್ಬ ಕಟ್ಟಿದವರು. ನಾನು ಈಗಲೂ ಕಟ್ಟುತ್ತೇನೆ. ಅವಳ ತಾಯಿ ಮದುವೆಮನೆಗಳಲ್ಲಿ ಸೋಬಾನೆ ಹೇಳುತ್ತಿದ್ದವರು. ಆ ಧಾಟಿಗೆ ಮಂಜುಳಾ ತನ್ನದೇ ಮಾತು ಕೂಡಿಸುತ್ತಿದ್ದಳು: ತಪ್ಪಿದ ಬಸ್ಸು, ನಿಂತೂ ನಿಂತೂ ಊದಿದ ಕಾಲು, ಸೂಪರ್‌ವೈಸರ್‌ನ ಕೆಮ್ಮು. ಹರಿದ ರಟ್ಟಿನ ಮೇಲೆ ಬರೆದು, ಊಟದ ಹೊತ್ತಿನಲ್ಲಿ ಹಾಡುತ್ತಿದ್ದಳು. ಒಂದು ದಿನ ನಾನು ತುತ್ತು ಕೈಯಲ್ಲೇ ಹಿಡಿದು ಕೂತುಬಿಟ್ಟೆ:

ಡಬ್ಬಕ್ಕಂಟೈತೆ ಊರೂ ಹೆಸರೂ
ಕಟ್ಟಿದ ಕೈಯಿಗೆ ಹೆಸರಿಲ್ಲ

ಯಾರೋ ವಿಡಿಯೋ ಮಾಡಿ ಹಾಕಿದರು. ಬೆಂಗಳೂರಿನ ಒಂದು ಸಂಗೀತ ಕಂಪನಿಯವರು ಅವಳನ್ನು ಕರೆಸಿದರು. ಕಂಠ ಚೆನ್ನಾಗಿದೆ, ಧಾಟಿಯೂ ಇರಲಿ, ಆದರೆ ಡಬ್ಬ ಗೋಡೌನು ಬೇಡ, ಹೊಲ, ತೊರೆ, ನಲ್ಲ ಅಂತ ನಾವೇ ಬರೆಸಿಕೊಡುತ್ತೇವೆ ಅಂದರಂತೆ. ಒಪ್ಪಿಕೋ ಎಂದು ಅವಳ ತಲೆ ತಿಂದವಳು ನಾನೇ. ಹಾಡಿನ ವಿಷಯದಲ್ಲಿ ನನ್ನ ಬುದ್ಧಿ ಅಷ್ಟೇ.

‘ಅಕ್ಕಾ, ನಾನ್ ಹೊಲ ನೋಡಿರೋದು ಬಸ್ ಕಿಟಕೀಲಿ,’ ಅಂದಳು. ‘ಇಳಿದು ಕಳೆ ಕಿತ್ತೋಳಲ್ಲ. ನಂದಲ್ದಿರೋದನ್ನ ಹೆಂಗ್ ಹಾಡ್ಲಿ?’

ಮರುದಿನ ಎಂದಿನಂತೆ ಕೆಲಸಕ್ಕೆ ಬಂದಳು. ಆಮೇಲೆ ಎರಡು ವರ್ಷ ಅವಳನ್ನು ಯಾರೂ ಕರೆಯಲಿಲ್ಲ. ಅವಳು ಬರೆಯುವುದನ್ನು ಬಿಡಲಿಲ್ಲ. ಕೊನೆಗೆ ಒಂದು ಭಾನುವಾರ, ನೆಲಮಂಗಲದ ಮದುವೆ ಫೋಟೋ ತೆಗೆಯುವ ಸ್ಟುಡಿಯೋದಲ್ಲಿ, ಒಂದು ತಮಟೆ, ಒಂದು ಗಿಟಾರು ಇಟ್ಟುಕೊಂಡು ಆ ಡಬ್ಬದ ಹಾಡನ್ನು ತಾನೇ ರೆಕಾರ್ಡ್ ಮಾಡಿಸಿದಳು. ಹಿಂದೆ ದನಿಗೂಡಿಸಲು ಗೋಡೌನಿನ ನಾವು ನಾಲ್ವರು. ನಾನು ಎರಡು ಸಲ ಶ್ರುತಿ ಕೆಡಿಸಿದ ಮೇಲೆ, ಚಪ್ಪಾಳೆ ತಟ್ಟಿದರೆ ಸಾಕಕ್ಕಾ ಅಂದಳು. ಹಾಡು ಕೇಳಿದರೆ ನಿಮಗೂ ಗೊತ್ತಾಗುತ್ತದೆ, ಒಂದು ಚಪ್ಪಾಳೆ ಮಾತ್ರ ಉಳಿದವಕ್ಕಿಂತ ಚೂರು ಮುಂಚೆ ಬೀಳುತ್ತದೆ. ಅದು ನಾನು.

ಮೊದಲು ಲಾರಿಯವರು ಆ ಹಾಡನ್ನು ಹಿಡಿದುಕೊಂಡರು, ಆಮೇಲೆ ಕಾಲೇಜು ಹುಡುಗಿಯರು. ಈಗ ಅವಳು ಊರೂರು ತಿರುಗಿ ಹಾಡುತ್ತಾಳೆ, ತಾನು ಬರೆದದ್ದನ್ನು ಮಾತ್ರ. ಹೋದ ತಿಂಗಳು ನಮ್ಮೂರಿನ ವೇದಿಕೆಯಲ್ಲಿ, ಹಾಡುವ ಮುಂಚೆ, ನಮ್ಮ ನಾಲ್ವರ ಹೆಸರನ್ನೂ ಒಂದೊಂದಾಗಿ ಮೈಕಿನಲ್ಲಿ ಕರೆದು ಎದ್ದು ನಿಲ್ಲಿಸಿದಳು. ಜನ ತಿರುಗಿ ನೋಡಿದರು. ನನಗೆ ಸೆರಗು ಸರಿಮಾಡಿಕೊಳ್ಳಲೂ ತೋಚಲಿಲ್ಲ.

ಶಾಲೆ ಬಂತು, ಇಳಿದೆ. ಆಫೀಸಿನಲ್ಲಿ ಒಂದು ಅರ್ಜಿ ಕೊಟ್ಟರು. ತಾಯಿಯ ಉದ್ಯೋಗ ಎಂಬಲ್ಲಿ ಪ್ರತಿ ವರ್ಷ ‘ಗೃಹಿಣಿ’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಈ ಸಲ ‘ಗೋಡೌನಿನಲ್ಲಿ ಡಬ್ಬ ಕಟ್ಟುವುದು’ ಎಂದು ಬರೆದೆ. ಕೊಟ್ಟ ಜಾಗ ಸಾಲಲಿಲ್ಲ. ಕೆಳಗಿನ ಗೆರೆಯಲ್ಲಿ ಮುಂದುವರಿಸಿದೆ.