ಮೈನಸ್ ಕೋನಕ್ಕೆ ದತ್ತ ಮಹಾರಾಜರು ಕೊಟ್ಟ ಉತ್ತರ

ಹೋದ ಶ್ರಾವಣದಲ್ಲಿ ನನ್ನ ಒಂದು ಮಾತಿನಿಂದ ಒಬ್ಬ ಹುಡುಗಿ ಓದು ಬಿಟ್ಟು ಮನೆಗೆ ಹೋದಳು. ನಾನು ಅಫಜಲಪುರದ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಕಲಿಸುವವಳು. ಆಕೆ ಸುಜಾತಾ, ಜೇವರ್ಗಿಯ ಕೂಲಿಕಾರರ ಮಗಳು, ಹಾಸ್ಟೆಲಿನಲ್ಲಿದ್ದಳು.

ಕೋನಕ್ಕೆ ಮೈನಸ್ ಹಾಕಿದರೆ ಸೈನ್‌ನ ಚಿಹ್ನೆ ಬದಲಾಗುತ್ತದೆ, ಕೊಸೈನ್ ಹಾಗೆಯೇ ಉಳಿಯುತ್ತದೆ. ಅದಕ್ಕೇ ಸೈನ್ ಬೆಸ, ಕೊಸೈನ್ ಸಮ ಎಂದು ಬರೆಸುತ್ತಿದ್ದೆ. ಯಾಕೆ ಹಾಗೆ ಎಂದು ಆಕೆ ಮೂರು ಸಲ ಕೇಳಿದಳು. ನನಗೆ ಗೊತ್ತಿರಲಿಲ್ಲ. ಆಳಂದದಲ್ಲಿ ಓದುವಾಗ ನಾನೂ ಬಾಯಿಪಾಠ ಮಾಡಿದವಳೇ.

"ಕೂಲಿ ಮಾಡೋರ ಮನ್ಯಾಗಿನಾಕಿಗಿ ಇಷ್ಟೆಲ್ಲಾ ಯಾಕ್ ಬೇಕ್ ಬೇ?" ಎಂದುಬಿಟ್ಟೆ.

ಮರುದಿನ ಆಕೆ ಬರಲಿಲ್ಲ. ಫೋನೂ ಎತ್ತಲಿಲ್ಲ. ದೇವರ ಮುಂದೆ ಪಾರಾಯಣಕ್ಕೆ ಕೂತರೆ ಮನಸ್ಸು ನಿಲ್ಲುತ್ತಿರಲಿಲ್ಲ. ಆ ಮಗುವನ್ನು ತಿರುಗಿ ಕರೆತಾ ಎಂದಷ್ಟೇ ನಾನು ಗುರುವೆಂದು ನಂಬಿದ ದತ್ತ ಮಹಾರಾಜರಲ್ಲಿ ಬೇಡಿಕೊಂಡೆ. ಹನ್ನೊಂದನೆಯ ದಿನ, ಗುರುವಾರ, ಜೇವರ್ಗಿ ಬಸ್ಸು ಹತ್ತಿದೆ. ಕ್ಷಮೆ ಕೇಳಬಹುದಿತ್ತು. ಆದರೆ ಆಕೆ ಮತ್ತೆ ಆ ಪ್ರಶ್ನೆಯನ್ನೇ ಕೇಳಿದರೆ ಹೇಳಲು ಏನೂ ಇರಲಿಲ್ಲ.

ಡ್ರೈವರ್ ಹಿಂದಿನ ಸೀಟು ಸಿಕ್ಕಿತು. ಸ್ಟೇರಿಂಗಿನ ಬಲ ಅಂಚಿಗೆ ಅವರು ಚೆಂಡುಹೂವು ಕಟ್ಟಿದ್ದರು. ಎಡಕ್ಕೆ ತಿರುಗಿಸಿದಾಗ ಹೂವು ಮೇಲೇರಿತು. ಬಲಕ್ಕೆ ಅಷ್ಟೇ ತಿರುಗಿಸಿದಾಗ ಅಷ್ಟೇ ಕೆಳಗಿಳಿಯಿತು. ಚಕ್ರದ ನಡುವಿನಿಂದ ಬಲಕ್ಕೆ ಅದರ ಅಡ್ಡ ದೂರ ಮಾತ್ರ ಎರಡೂ ಸಲ ಒಂದೇ. ಎಡಕ್ಕೆ ತಿರುಗಿದ್ದು ಪ್ಲಸ್ ಕೋನವಾದರೆ ಬಲಕ್ಕೆ ತಿರುಗಿದ್ದು ಮೈನಸ್; ಹೂವಿನ ಎತ್ತರವೇ ಸೈನ್, ಅಡ್ಡ ದೂರವೇ ಕೊಸೈನ್. ಇಪ್ಪತ್ತು ವರ್ಷ ಕಲಿಸಿದ್ದು ಅಂದು ತಿಳಿಯಿತು. ಮೈಯಲ್ಲಿ ಆರಾಮಿಲ್ಲವೇ ಎಂದು ಕಂಡಕ್ಟರ್ ಕೇಳಿದಾಗಲೇ ನಾನು ಅಳುತ್ತಿರುವುದು ಗೊತ್ತಾದದ್ದು.

ಸುಜಾತಾಳ ತಾಯಿ ರೊಟ್ಟಿ ಬಡಿಯುತ್ತಿದ್ದರು. ಮೊದಲು ತಾಯಿ ಮಗಳಿಬ್ಬರ ಕ್ಷಮೆ ಕೇಳಿದೆ. ಆಮೇಲೆ ಊಟದ ಗಂಗಾಳವೊಂದನ್ನು ಇಸಿದುಕೊಂಡು, ಬಲ ಅಂಚಿಗೆ ಚೂರು ಹಿಟ್ಟು ಅಂಟಿಸಿ, ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ತಿರುಗಿಸಿ ತೋರಿಸಿದೆ. ಸುಜಾತಾ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ತಾನೇ ತಿರುಗಿಸಿದಳು.

"ಹಂಗಾದ್ರ ಟ್ಯಾನ್‌ನ ಚಿಹ್ನೆನೂ ಬದಲಾಗ್ತದ್ರಿ ಮೇಡಮ್," ಎಂದಳು. "ಸೈನನ್ನ ಕೊಸೈನ್‌ಲೆ ಭಾಗಿಸ್ತೀವಿ. ಮ್ಯಾಲಿಂದು ಬದಲಾತು, ಕೆಳಗಿಂದು ಇಲ್ಲ."

ಅದನ್ನು ನಾನು ಹೇಳಿರಲಿಲ್ಲ.

"ಸೋಮವಾರ ಕಳಸ್ತೇನ್ರಿ," ಎಂದರು ತಾಯಿ. "ಅಕಿ ಕೇಳಿದ್ದಕ್ಕ ಬೈಬ್ಯಾಡ್ರಿ."

ಸೋಮವಾರ ಬಂದಳು. ನಾನು ಮಗುವನ್ನು ಮಾತ್ರ ಬೇಡಿದ್ದೆ. ಗುರುಗಳು ಪಾಠವನ್ನೂ ಕೊಟ್ಟರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಮಕ್ಕಳೆದುರು ಹೇಳುವ ಧೈರ್ಯ ಈಗ ಬಂದಿದೆ. ಅದನ್ನೂ ಅವರ ಪ್ರಸಾದವೆಂದೇ ಕಣ್ಣಿಗೊತ್ತಿಕೊಂಡಿದ್ದೇನೆ.