ಅಮ್ಮನ ಸಮಾಧಿಗೆ ಗೇಟ್ ಪಾಸ್

ಅಮೆರಿಕದ ರೆಂಟನ್ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಬಾಗಿಲಿನ ಅಜ್ಜಿ ಜಪಾನಿನ ಒಕಿನಾವಾ ದ್ವೀಪದವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲೇ ಬೀಡುಬಿಟ್ಟ ಅಮೆರಿಕನ್ ಸೈನ್ಯದ ಸಾರ್ಜೆಂಟನೊಬ್ಬನನ್ನು ಮದುವೆಯಾಗಿ ಈ ಕಡೆ ಬಂದವರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ನಾನು ಅವರನ್ನು ಅಜ್ಜಿ ಎಂದೇ ಕರೆಯುತ್ತಿದ್ದೆ. ಅವರದು ಹರಕುಮುರುಕು ಇಂಗ್ಲಿಷ್. ನನಗೆ ಮಾತ್ರ ಅವರ ಮಾತೆಲ್ಲ ಈಗ ನೆನಪಾಗುವುದು ಕನ್ನಡದಲ್ಲೇ.

ಅವರ ಮನೆತನದ ಸಮಾಧಿ, ತಾಯಿಯ ಬೂದಿ ಇಟ್ಟ ಸಮಾಧಿ, ಅಮೆರಿಕದ ವಾಯುನೆಲೆಯ ಬೇಲಿಯೊಳಗಿತ್ತು. ಊರಿಗೆ ಬುಲ್ಡೋಜರ್ ಹಾಯಿಸಿ ರನ್‌ವೇ ಹಾಸಿದವರು ಕೆಲವು ಸಮಾಧಿಗಳನ್ನು ಹಾಗೇ ಬಿಟ್ಟಿದ್ದರಂತೆ. ಆಮೇಲೆ ಎರಡು ದೇಶಗಳೂ ಸ್ನೇಹಿತರಾದವು, ಒಪ್ಪಂದಕ್ಕೆ ಸಹಿ ಬಿತ್ತು, ಬೇಲಿ ಇದ್ದಲ್ಲೇ ಉಳಿಯಿತು. ವಸಂತದಲ್ಲಿ ಒಂದು ದಿನ ಮನೆಯವರೆಲ್ಲ ಸಮಾಧಿಯ ಮುಂದೆ ಚಾಪೆ ಹಾಸಿ, ಸತ್ತವರಿಗೆ ಬಡಿಸಿ, ತಾವೂ ಅಲ್ಲೇ ಕೂತು ಉಣ್ಣುವುದು ಅವರ ಪದ್ಧತಿ. ಅದಕ್ಕೂ ನೆಲೆಯವರಿಗೆ ಮೊದಲೇ ಹೆಸರು ಕೊಟ್ಟು, ಗೇಟಿನಲ್ಲಿ ಸಾಲು ನಿಂತು ಕಾಯಬೇಕು.

ಇದನ್ನು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾರವಾರದ ಕಡೆಯ ನಮ್ಮೂರು ನೌಕಾನೆಲೆಗೆ ಹೋದದ್ದು. ದೇವರು ಒಳಗೆ, ನಾವು ಹೊರಗೆ. ಹಬ್ಬದ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹಣ್ಣುಕಾಯಿಯ ಚೀಲವನ್ನು ಕಾವಲಿನವನು ತಡಕಾಡುವುದನ್ನು ನೋಡುತ್ತ ನಿಲ್ಲುತ್ತಿದ್ದರು. ದೇಶಕ್ಕೆ ರಕ್ಷಣೆ ಬೇಕು ಎಂದು ನನಗೂ ಗೊತ್ತು. ಆದರೂ ನಾನು ಕೆಲಸ ಮಾಡುತ್ತಿದ್ದ ಫ್ಯಾಕ್ಟೋರಿಯಾದ ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರಾದರೂ ಜಪಾನ್ ನಮ್ಮ ಗಟ್ಟಿ ಮಿತ್ರ, ಅಲ್ಲಿ ನೆಲೆ ಇಲ್ಲದಿದ್ದರೆ ಚೀನಾವನ್ನು ಹಿಡಿಯುವವರಾರು ಎಂದು ಭಾಷಣ ಬಿಗಿದರೆ ನನಗೆ ಮೈ ಉರಿಯುತ್ತಿತ್ತು.

ಅಜ್ಜಿಗೆ ಒಬ್ಬನೇ ತಮ್ಮ. ಯುದ್ಧದಲ್ಲಿ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಗುಹೆಯಿಂದ ಗುಹೆಗೆ ಓಡಿದ್ದರು. ಅಕ್ಕ ಅಮೆರಿಕನ್ ಸೈನಿಕನನ್ನು ಮದುವೆಯಾದ ದಿನದಿಂದ ಅವನು ಮಾತು ಬಿಟ್ಟ. ತಾಯಿ ಸತ್ತಾಗಲೂ ತಿಳಿಸಲಿಲ್ಲ. ಎಂಬತ್ತರ ಹತ್ತಿರ ಬಂದ ಅಜ್ಜಿಗೆ ಉಳಿದಿದ್ದ ಆಸೆ ಒಂದೇ: ಒಂದು ಸಲ ತಮ್ಮನ ಪಕ್ಕ ಕೂತು ತಾಯಿಯೆದುರು ಉಣ್ಣಬೇಕು.

ಆ ವರ್ಷ ತಮ್ಮ ಮೆತ್ತಗಾದ. ಹೆಸರು ಕೊಟ್ಟಿದ್ದೇನೆ, ಬಾ ಎಂದು ಫೋನ್ ಮಾಡಿದ. ಅಜ್ಜಿ ಆ ಸುದ್ದಿ ಹೇಳಿ ಹೋದ ಮೇಲೆ ನನ್ನ ಗಂಡ ಬಾಯಿ ತೆರೆದ. ಅವನು ಮೈಸೂರಿನವನು, ಎಲ್ಲದಕ್ಕೂ ಸಲೀಸಾದ ದಾರಿ ಹುಡುಕುವ ಜಾತಿ.

“ಇವ್ರು ಯಾಕೆ ಲೈನಲ್ಲಿ ನಿಂತ್ಕೋಬೇಕು? ಮಿಲಿಟರಿಯವರ ಹೆಂಡ್ತಿ ಅಂತ ಕಾರ್ಡ್ ಇದ್ಯಲ್ಲ, ತೋರಿಸಿದ್ರೆ ಡೈರೆಕ್ಟಾಗಿ ಒಳಗೆ ಬಿಡ್ತಾರೆ.”

“ತಮ್ಮನ ಜೊತೆ ಹೋಗೋಕೇ ಅಷ್ಟು ದೂರ ಹೋಗ್ತಿರೋದು. ನಿಂಗೆ ಎಲ್ಲಾನೂ ಏರ್‌ಪೋರ್ಟ್ ಥರಾನೇ ಕಾಣುತ್ತೆ,” ಎಂದು ಅವನ ಬಾಯಿ ಮುಚ್ಚಿಸಿದೆ.

ಏಪ್ರಿಲ್ ಕೊನೆಗೆ ಅಜ್ಜಿ ವಾಪಸು ಬಂದರು. ವಿಮಾನ ನಿಲ್ದಾಣದಿಂದ ಕರೆತಂದವಳು ನಾನೇ. ಅವರ ಅಡುಗೆಮನೆಯಲ್ಲಿ ಚಹಾ ಮಾಡಿಕೊಟ್ಟ ಮೇಲೆ ನಡೆದದ್ದನ್ನು ಹೇಳಿದರು.

ಗೇಟಿನಲ್ಲಿದ್ದ ಪಟ್ಟಿಯಲ್ಲಿ ಅವರ ಹೆಸರು ಸಿಗಲಿಲ್ಲ. ಪಾಸ್‌ಪೋರ್ಟಿನಲ್ಲಿ ಇದ್ದದ್ದು ಗಂಡನ ಮನೆಯ ಹೆಸರು. ತಮ್ಮ ಬರೆಸಿದ್ದು ತವರಿನ ಹೆಸರು.

“ಸಿಟ್ಟಿಗೆ ಹಾಗೆ ಬರೆಸಿದ್ದಲ್ಲ,” ಎಂದರು. “ಮನೆ ಮಗಳು ಅಂತ ಬರೆಸಿದ್ದ.”

ಹೆಸರಿಲ್ಲದವರನ್ನು ಬಿಡುವುದಿಲ್ಲ ಎಂದ ಕಾವಲಿನವನು. ತಮ್ಮನ ಮನೆಯವರೆಲ್ಲ ಕೂತಿದ್ದ ಕಾರಿನ ಹಿಂದೆ ಬೇರೆ ಕಾರುಗಳು ಸಾಲುಗಟ್ಟಿದ್ದವು. ನಾನು ಇಳಿದುಬಿಡುತ್ತೇನೆ, ನೀವು ಹೋಗಿ ಎಂದರು ಅಜ್ಜಿ. ತಮ್ಮ ಅವರ ಕೈ ಹಿಡಿದು ತಡೆದ. ಅಕ್ಕ ಬರದಿದ್ದರೆ ನಾನೂ ಹೋಗುವುದಿಲ್ಲ ಎಂದ. ಇಷ್ಟು ವರ್ಷಗಳ ಮೇಲೆ ಅವನು ಅಕ್ಕ ಎಂದಿದ್ದ. ತನ್ನಿಂದಾಗಿ ಅವನಿಗೆ ಈ ದಿನ ತಪ್ಪಬಾರದು ಎಂದು ಕೈಚೀಲ ತೆರೆದು ಆ ಕಾರ್ಡನ್ನು ಕಿಟಕಿಯಿಂದ ಚಾಚಿದರು.

ಕಾವಲಿನವನ ಮುಖವೇ ಬದಲಾಯಿತು. ತಡವಾದದ್ದಕ್ಕೆ ಕ್ಷಮೆ ಕೇಳಿದ. ಕಾರಿನೊಳಗೆ ಬಗ್ಗಿ ನೋಡಿ, ಇವರೆಲ್ಲ ನಿಮ್ಮ ಅತಿಥಿಗಳಾ ಎಂದ. ಅಜ್ಜಿ ಹೌದು ಎಂದರು. ಬೇರೆ ಏನು ಹೇಳಲು ಸಾಧ್ಯವಿತ್ತು? ಗೇಟು ತೆರೆಯಿತು. ತಮ್ಮ ಯಾವಾಗ ಕೈ ಬಿಟ್ಟನೋ ಅವರಿಗೆ ಗೊತ್ತಾಗಲಿಲ್ಲ.

“ಆಮೇಲೆ ಊಟ ಮಾಡಿದ್ರಾ ಅಜ್ಜಿ?” ಎಂದೆ.

“ಮಾಡ್ದೆ. ಮೊದಲನೇ ತಟ್ಟೆ ಅಮ್ಮನ ಮುಂದೆ ಇಟ್ಟ. ಎರಡನೇದು ನಂಗೆ ತಂದ. ಎರಡೂ ಕೈಯಲ್ಲಿ ಹಿಡ್ಕೊಂಡು, ತಲೆ ಬಗ್ಗಿಸ್ಕೊಂಡು.”

ನನಗೆ ಜೀವ ಬಂದಂತಾಯಿತು. ಹಾಗಾದರೆ ಎಲ್ಲ ಸರಿಹೋಯಿತಲ್ಲ ಎಂದೆ. ಅಜ್ಜಿ ಇಲ್ಲವೆಂದು ತಲೆಯಾಡಿಸಿದರು.

“ಅವನು ಆ ನೆಲೆಯಲ್ಲೇ ಹುಲ್ಲು ಕತ್ತರಿಸೋ ಕೆಲಸದಲ್ಲಿ ಮುದುಕ ಆದೋನು. ತಟ್ಟೆ ಕೊಡ್ತಾ, ಅಲ್ಲಿನ ಆಫೀಸರ್‌ಗಳ ಹೆಂಡ್ತೀರಿಗೆ ಹೇಗೆ ಹೇಳ್ತಿದ್ನೋ ಹಾಗೇ ಹೇಳ್ದ. ನಮ್ಮ ಭಾಷೇಲಲ್ಲ, ಇಂಗ್ಲಿಷಲ್ಲಿ. ‘ಪ್ಲೀಸ್, ಮೇಡಂ’ ಅಂದ.”