ಉದ್ದ ಸೀಟಿನ ಕಾರು

ಬೇಸಿಗೆಯಲ್ಲಿ ನಿಲ್ಲಿಸಿಟ್ಟ ನಮ್ಮ ಕಾರಿನ ಮುಂದಿನ ಸೀಟಿಗೆ ಹಳೆಯ ಬೆಡ್‌ಶೀಟೊಂದನ್ನು ಹೊದೆಸಿಡುತ್ತೇನೆ. ಇಲ್ಲವಾದರೆ ಬಹರೈನಿನ ಬಿಸಿಲಿಗೆ ಅದರ ರೆಕ್ಸಿನ್ನು ದೋಸೆಯ ಕಾವಲಿಯಂತೆ ಕಾದು, ಕೂತವರನ್ನು ಕೂತಲ್ಲಿಂದಲೇ ಎಬ್ಬಿಸಿಬಿಡುತ್ತದೆ. ಸೀಟು ಎಂದೆನೇ ಹೊರತು ಸೀಟುಗಳು ಎನ್ನಲಿಲ್ಲ, ಗಮನಿಸಿದಿರಲ್ಲ? ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಉದ್ದ ಸೀಟು, ಶಾಲೆಯ ಬೆಂಚಿನ ಹಾಗೆ. ನಾನು ಇಲ್ಲಿ ನರ್ಸಾಗಿ ಸೇರಿದ ಹೊಸತರಲ್ಲಿ, ತೈಲ ಕಂಪನಿಯವರ ಊರಾದ ಅವಾಲಿಯಲ್ಲಿ ಮನೆ ಖಾಲಿ ಮಾಡಿ ಹೊರಟಿದ್ದ ಅಮೆರಿಕದ ದಂಪತಿ ಮಾರಿದ ಕಾರು ಇದು. ಅವರ ದೇಶದ ಲೆಕ್ಕದಲ್ಲಿ 'ಸಣ್ಣ ಕಾರು' ಅಂತೆ! ನಮ್ಮ ಕಣ್ಣಿಗೆ ಚಾವಡಿಗೇ ಚಕ್ರ ಕಟ್ಟಿದ ಹಾಗಿತ್ತು. ಆಗಲೇ ಹಳತಾಗಿದ್ದ ಅದು ಬೇರೆ ಯಾರಿಗೂ ಬೇಡವಾದ್ದರಿಂದ ನನ್ನ ಸಂಬಳಕ್ಕೆ ಎಟುಕಿತು.

ಚೆಲುವೆಯಲ್ಲ ಬಿಡಿ. ಆದರೆ ಬಾನೆಟ್ ಎತ್ತಿದರೆ ಎಂಜಿನ್ನಿನ ಸುತ್ತ ನೆಲ ಕಾಣುವಷ್ಟು ಜಾಗ, ಕಿಟಕಿಗೆ ತಿರುಗಿಸುವ ಹಿಡಿ, ಸ್ಟೇರಿಂಗಿನ ಕತ್ತಿಗೇ ಅಂಟಿಕೊಂಡ ಗೇರು, ಆದ್ದರಿಂದ ಕಾಲ ಬಳಿ ಅಡ್ಡಬರುವುದು ಏನೂ ಇಲ್ಲ. ಬಡಿವಾರವಿಲ್ಲದ ವಸ್ತುಗಳಲ್ಲಿ ಒಂದು ಬಗೆಯ ಸೌಜನ್ಯವಿರುತ್ತದೆ. ಅವು ತಮ್ಮನ್ನು ಮುಚ್ಚಿಡುವುದಿಲ್ಲ, ನಮ್ಮನ್ನು ದಡ್ಡರನ್ನಾಗಿಸುವುದೂ ಇಲ್ಲ.

ಆ ಸೌಜನ್ಯದ ಆಳ ನನಗೆ ತಿಳಿದದ್ದು, ನನ್ನ ಯಜಮಾನರು ಲಾರೆನ್ಸರಿಗೆ ಪಾರ್ಶ್ವವಾಯು ಬಡಿದು ಎಡಗೈ ಎಡಗಾಲು ಸೋತ ಮೇಲೆ. ಇಲ್ಲಿ ಸ್ಟೇರಿಂಗ್ ಎಡಕ್ಕಿರುವುದರಿಂದ ಅವರದು ಬಲಬದಿ; ಆ ಬಾಗಿಲು ತೆರೆದು, ಬೆನ್ನು ತಿರುಗಿಸಿ, ಸೀಟಿನ ಅಂಚಿಗೆ ಕೂತು, ಬಲಗಾಲಿನಿಂದ ಒಂದು ಒತ್ತು ಕೊಟ್ಟರೆ ನುಣುಪಾದ ರೆಕ್ಸಿನ್ನಿನ ಮೇಲೆ ಸರ್ರನೆ ಒಳಗೆ ಜಾರುತ್ತಿದ್ದರು. ಯಾರ ಕೈಯೂ ಬೇಡ. ಸ್ನಾನಕ್ಕೂ ಊಟಕ್ಕೂ ಇನ್ನೊಬ್ಬರ ಕೈ ಕಾಯಬೇಕಾದ ಮನುಷ್ಯನಿಗೆ, ಇಲ್ಲಿಯ ವಾರದ ರಜೆಯಾದ ಶುಕ್ರವಾರ ಇಗರ್ಜಿಯ ಪೂಜೆಗೆ ತಾನಾಗಿ ಕಾರು ಹತ್ತುವುದು ಎಷ್ಟು ದೊಡ್ಡದೆಂದು ಆರೋಗ್ಯವಂತರಿಗೆ ಹೇಗೆ ತಿಳಿದೀತು?

ತಿಳಿಯಲಿಲ್ಲವೆಂಬುದೇ ನನ್ನ ಸಿಟ್ಟು. ಲಾರೆನ್ಸರ ಅಕ್ಕನ ಮಗ ಕ್ಲಿಫರ್ಡ್ ಸನದ್‌ನ ಮನೆಯಲ್ಲಿ ನಮ್ಮ ಜೊತೆಗೇ ಇರುವವನು, ಒಳ್ಳೆಯ ಹುಡುಗ, ಹಳೆಯ ಕಾರುಗಳ ಹುಚ್ಚಿನವನು. "ಸರ್ವಿಸ್ ಮಾಡಿಸಿ ತರ್ತೇನೆ ಮಾಮಿ" ಎಂದು ಕೀಲಿ ಒಯ್ದವನು, ನಮ್ಮ ಮದುವೆಯ ವಾರ್ಷಿಕೋತ್ಸವದ ಶುಕ್ರವಾರ ಬೆಳಿಗ್ಗೆ ಕಾರನ್ನು ಮನೆಮುಂದೆ ತಂದು ನಿಲ್ಲಿಸಿ ನೆರೆಹೊರೆಯವರನ್ನೆಲ್ಲ ಕರೆದ. ಉದ್ದ ಸೀಟು ಮಾಯ! ಅದರ ಜಾಗದಲ್ಲಿ ರೇಸಿನ ಕಾರಿನಂಥ ಎರಡು ಕೆಂಪು ಸೀಟುಗಳು, ಅಂಚುಗಳು ತೊಡೆಯನ್ನು ಅಪ್ಪಿ ಹಿಡಿಯುವಂತೆ ಎತ್ತರಕ್ಕೆದ್ದಿವೆ, ನಡುವೆ ಲೋಟ ಇಡುವ ಪೆಟ್ಟಿಗೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೋ ಹೊಡೆದರು.

ಲಾರೆನ್ಸರು ಎಂದಿನಂತೆ ಬೆನ್ನು ತಿರುಗಿಸಿ ಕೂತರು. ಅಂಚು ತಡೆಯಿತು. ಮತ್ತೆ ಒತ್ತಿದರು, ಮತ್ತೆ ತಡೆಯಿತು. ಇಸ್ತ್ರಿಯ ಅಂಗಿ ಬೆವರಿನಲ್ಲಿ ಬೆನ್ನಿಗಂಟಿತು.

"ನಾನು ಎತ್ತಿ ಕೂರಿಸ್ತೇನೆ ಮಾಮ, ಎಂತ ದೊಡ್ಡ ಸಂಗತಿ?" ಎಂದ ಕ್ಲಿಫರ್ಡ್.

ಅವರು ಕೋಲು ಊರಿ ಎದ್ದು ನಿಂತರು. "ಇವತ್ತು ನೀನು ಹೋಗಿ ಬಾ. ನಾನು ಟಿವಿಯಲ್ಲೇ ಪೂಜೆ ನೋಡ್ತೇನೆ" ಎಂದರು ನನಗೆ.

ಆ 'ಇವತ್ತು' ಎಂಬುದನ್ನು ನಾನು ವಾರ್ಡುಗಳಲ್ಲಿ ಬಹಳ ಕೇಳಿದ್ದೇನೆ. ಹಾಗೆಂದವರು ಮರುವಾರವೂ ಹೊರಡುವುದಿಲ್ಲ, ಆಮೇಲೆ ಹೊಸಿಲೇ ಅವರ ಗಡಿಯಾಗುತ್ತದೆ. ನನ್ನ ನೆತ್ತಿ ಕಾದುಹೋಯಿತು. ನಾವು ಹೊಸ ನರ್ಸುಗಳಿಗೆ ಕಲಿಸುತ್ತಿದ್ದದ್ದು, ಮೊದಲು ನೀವೇ ರೋಗಿಯಾಗಿ ಮಲಗಿ ಎಂದು. ಆ ಪಾಠವನ್ನು ಅಂಗಳದಲ್ಲೇ ಶುರುಮಾಡಿದೆ.

"ಬಾ ಇಲ್ಲಿ ಕ್ಲಿಫರ್ಡ್. ಎಡಗೈಯನ್ನು ಬೆಲ್ಟಿನೊಳಗೆ ತುರುಕು. ಎಡಗಾಲು ನಿನ್ನದಲ್ಲ. ಈಗ ಹತ್ತು."

"ಮಾಮಿ, ಜನ ನೋಡ್ತಾರೆ."

"ಮಾಮನನ್ನೂ ನೋಡಿದರಲ್ಲ?"

ಹತ್ತಿದ ಎನ್ನಲೇ? ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡ. ಪಕ್ಕದ ಮನೆಯ ಫ್ಲೇವಿಯಾ ಸುಮ್ಮನಿರುವವಳಲ್ಲ: "ಎತ್ತಿ ಕೂರಿಸ್ಬೇಕಾ ಮಾರಾಯ? ಎಂತ ದೊಡ್ಡ ಸಂಗತಿ?" ಕೆಲವರು ನಕ್ಕರು. ಅವನ ಮುಖ ಸೀಟಿಗಿಂತ ಕೆಂಪಾಯಿತು.

"ಹಳೆ ಸೀಟು ಎಲ್ಲುಂಟು?"

"ಸಿತ್ರಾದ ಗ್ಯಾರೇಜಿನಲ್ಲಿ. ಗುಜರಿಗೆ ಹಾಕ್ಲಿಕ್ಕೆ ಇಟ್ಟಿದ್ದಾರೆ."

"ಹಾಕುವ ಮೊದಲು ಹೋಗು."

ಹೋದ. ಆದರೆ ನನ್ನ ಸಿಟ್ಟು ಅವನೊಬ್ಬನ ಮೇಲಲ್ಲ, ಗೆಳೆಯರೇ. ಕೂರುವವನನ್ನು ಕೇಳದೆ ಸೀಟು ಬದಲಿಸಿ, ನಿಂತು ನೋಡುವವರಿಂದ ಶಹಬ್ಬಾಸ್ ಪಡೆಯುವ ಈ ಕಾಲದ ಮೇಲೆ. ಯಾರಿಗೂ ಬೇಡವಾಗಿದ್ದಾಗ ಬಡ ಸಂಬಳದವರನ್ನು ಹೊತ್ತು ತಿರುಗಿದ ಸಾಧಾರಣ ಕಾರು, ಈಗ ಶೋಕಿಯವರ ಕಣ್ಣಿಗೆ ಬಿದ್ದಿದೆ. ಬಿದ್ದ ಕೂಡಲೇ ಅವರು ಕಿತ್ತೆಸೆಯುವುದು ಅದರ ಸಾಧಾರಣತೆಯನ್ನೇ. ಅದಕ್ಕೆ ಪ್ರೀತಿಯೆಂಬ ಹೆಸರು ಬೇರೆ!

ಮುಂದಿನ ಶುಕ್ರವಾರಕ್ಕೆ ಸೀಟು ಮರಳಿ ಬಂದಿತ್ತು, ಗ್ರೀಸಿನ ಕಲೆಯ ಸಮೇತ. ಲಾರೆನ್ಸರು ಸ್ವಲ್ಪ ಹೊತ್ತು ಬಾಗಿಲ ಬಳಿ ನಿಂತರು. ನಾನು ಸ್ಟೇರಿಂಗ್ ಹಿಡಿದು ಅವರತ್ತ ತಿರುಗದೆ ಕೂತೆ. ಸೀಟಿನ ಅಂಚಿಗೆ ಕೂತದ್ದು, ಬಲಗಾಲು ಒತ್ತಿದ್ದು, ರೆಕ್ಸಿನ್ನು ಸರ್ರೆಂದದ್ದು ಕೇಳಿಸಿತು. ಬಾಗಿಲು ಮುಚ್ಚಲು ಓಡಿಬಂದ ಕ್ಲಿಫರ್ಡನಿಗೆ "ಬಿಡು, ನನಗೆ ಬರ್ತದೆ" ಎಂದು ತಾವೇ ಎಳೆದುಕೊಂಡರು.

ಹಿಂದಿನ ಸೀಟಿನಲ್ಲಿ ಮುದುಡಿ ಕೂತ ಅವನು ಮೆಲ್ಲಗೆ ಕೇಳಿದ: "ಮಾಮಿ, ಇನ್ನೂ ಕೋಪ ಉಂಟಾ?"

"ಉಂಟು."

"ಪೂಜೆ ಶುರುವಾಗ್ತದೆ, ಮೊದಲು ಕಾರು ಬಿಡು ಮಾರಾಯ್ತಿ" ಎಂದರು ಲಾರೆನ್ಸರು. "ಬೈಯ್ಲಿಕ್ಕೆ ದಾರಿ ಉಂಟಲ್ಲ."

ದಾರಿಯುದ್ದಕ್ಕೂ ಬೈದೆ.